ಒಂದು ಡಾಲರಿನ ಬ್ಯಾಂಕು

ಜಿಮೇಲ್ ಬಳಸೋ ನಮಗೆಲ್ಲ ಆರ್ಕೈವ್ ಅಂದರೆ ಒಂದು ಬಟನ್. ಡಿಲೀಟ್ ಮಾಡೋಕೆ ಧೈರ್ಯವಿಲ್ಲ, ಮತ್ತೆ ತೆರೆದು ಓದೋ ಉದ್ದೇಶವೂ ಇಲ್ಲ, ಅಂಥ ಮೇಲ್‌ಗಳನ್ನು ಕಣ್ಣೆದುರಿಂದ ಸರಿಸೋಕೆ ಇರುವ ಬಟನ್. ದೊಡ್ಡ ದೊಡ್ಡ ಸಂಸ್ಥೆಗಳ ಆರ್ಕೈವುಗಳೂ ಬಹುಪಾಲು ಹೀಗೇ ನಡೀತವೆ ಅಂತ ನನ್ನ ಅನುಮಾನ. ಬಿಸಾಡಿಲ್ಲ ಅನ್ನೋ ಸಮಾಧಾನ ಸಂಸ್ಥೆಗೆ. ಯಾರೂ ಮುಟ್ಟಿಲ್ಲ ಅನ್ನೋದು ಅಲ್ಲಿನ ಧೂಳಿಗೆ ಮಾತ್ರ ಗೊತ್ತು.

ಶಿಕಾಗೋದ ಕಲಾವಿದ ಥಿಯಾಸ್ಟರ್ ಗೇಟ್ಸ್ ಬಗ್ಗೆ ನನಗೆ ಕುತೂಹಲ ಹುಟ್ಟಿದ್ದು ಇದೇ ಕಾರಣಕ್ಕೆ. 1973ರಲ್ಲಿ ಹುಟ್ಟಿದ ಈತ ಓದಿದ್ದು ನಗರ ಯೋಜನೆ ಮತ್ತು ಕುಂಬಾರಿಕೆ, ಎರಡನ್ನೂ. ಅಪ್ಪ ಮನೆಗಳ ಚಾವಣಿಗೆ ಟಾರು ಹಾಕೋ ಕೆಲಸ ಮಾಡುತ್ತಿದ್ದರು. ಇವತ್ತಿಗೂ ಗೇಟ್ಸ್ ಚಿತ್ರ ಮಾಡೋದು ಟಾರಿನಲ್ಲೇ. ಆದರೆ ಈತನ ನಿಜವಾದ ಮಾಧ್ಯಮ ಟಾರೂ ಅಲ್ಲ, ಮಣ್ಣೂ ಅಲ್ಲ. ಬೇರೆಯವರಿಗೆ ಬೇಡವಾದ ಸಾಮಾನು. ಮುಚ್ಚಿದ ಅಂಗಡಿಯ ರೆಕಾರ್ಡುಗಳು, ವಿಶ್ವವಿದ್ಯಾಲಯಕ್ಕೆ ಹೊರೆಯಾದ ಗಾಜಿನ ಸ್ಲೈಡುಗಳು, ಬಾಗಿಲು ಹಾಕಿದ ಪತ್ರಿಕಾ ಕಚೇರಿಯ ಪುಸ್ತಕಗಳು. ಇವನ್ನೆಲ್ಲ ತಂದು ಈತ ಒಂದು ಬ್ಯಾಂಕಿನೊಳಗೆ ಇಟ್ಟಿದ್ದಾನೆ.

ಮೊದಲು ಆ ಬ್ಯಾಂಕಿನ ಕಥೆ ಹೇಳಿಬಿಡುತ್ತೇನೆ. ಶಿಕಾಗೋದ ದಕ್ಷಿಣ ಭಾಗಕ್ಕೆ ಅಲ್ಲಿನವರು ಸೌತ್ ಸೈಡ್ ಅಂತಾರೆ. ಅಲ್ಲಿ ಸ್ಟೋನಿ ಐಲೆಂಡ್ ಅವೆನ್ಯೂ ಅನ್ನೋ ಅಗಲವಾದ ರಸ್ತೆಯಲ್ಲಿ 1923ರಲ್ಲಿ ಕಟ್ಟಿದ ಕಟ್ಟಡ ಅದು. ಎದುರಿಗೆ ಗ್ರೀಕ್ ದೇವಾಲಯದ ಥರ ಕಂಬಗಳು. 1980ರ ದಶಕದಲ್ಲಿ ವ್ಯವಹಾರ ನಿಂತಿತು. ಚಾವಣಿ ಸೋರಿ, ನೆಲಮಾಳಿಗೆಯಲ್ಲಿ ನೀರು ನಿಂತು, ಕೆಡವೋ ಹಂತಕ್ಕೆ ಬಂತು. 2013ರಲ್ಲಿ ನಗರಾಡಳಿತ ಅದನ್ನು ಗೇಟ್ಸ್‌ಗೆ ಒಂದು ಡಾಲರಿಗೆ ಮಾರಿತು. ದುರಸ್ತಿಗೆ ಹಣ ನೀನೇ ಹುಡುಕ್ಕೋ ಅನ್ನೋದು ಒಪ್ಪಂದ. ಈತ ಮಾಡಿದ ಉಪಾಯ ಕೇಳಿ. ಬ್ಯಾಂಕಿನ ಶೌಚಾಲಯದಲ್ಲಿದ್ದ ಅಮೃತಶಿಲೆಯ ಹಲಗೆಗಳನ್ನು ಬಿಚ್ಚಿಸಿದ, ನೂರು ತುಂಡು ಮಾಡಿಸಿದ, ಒಂದೊಂದಕ್ಕೂ ಬ್ಯಾಂಕ್ ಬಾಂಡ್ ಅಂತ ಹೆಸರಿಟ್ಟ. ಡಾಲರ್ ನೋಟಿನ ಮೇಲೆ ದೇವರಲ್ಲಿ ನಮ್ಮ ನಂಬಿಕೆ ಅಂತ ಇರುತ್ತದಲ್ಲ, ಅದರಲ್ಲಿ ದೇವರನ್ನು ತೆಗೆದು ಕಲೆಯನ್ನು ಕೂರಿಸಿ ಕಲ್ಲಿನ ಮೇಲೆ ಕೆತ್ತಿಸಿದ. ಆಮೇಲೆ ಸ್ವಿಟ್ಜರ್‌ಲೆಂಡಿನ ಬಾಸೆಲ್ ಕಲಾಮೇಳದಲ್ಲಿ ತಲಾ 5,000 ಡಾಲರಿಗೆ ಮಾರಾಟಕ್ಕಿಟ್ಟ. 2015ರ ಅಕ್ಟೋಬರಿನಲ್ಲಿ ಸ್ಟೋನಿ ಐಲೆಂಡ್ ಆರ್ಟ್ಸ್ ಬ್ಯಾಂಕ್ ಬಾಗಿಲು ತೆರೆಯಿತು.

ಇದನ್ನು ಬುದ್ಧಿವಂತ ತಮಾಷೆ ಅಂತ ನಕ್ಕು ಮುಂದೆ ಹೋಗಬಹುದು. ಆದರೆ ಕಪ್ಪು ಜನರ ಬಡಾವಣೆಯಲ್ಲಿ ಬ್ಯಾಂಕ್ ಅಂದರೆ ತಮಾಷೆಯ ವಿಷಯವಲ್ಲ. 1930ರ ದಶಕದಲ್ಲಿ ಅಮೆರಿಕ ಸರ್ಕಾರದ ಗೃಹಸಾಲ ಸಂಸ್ಥೆ ನಗರಗಳ ನಕ್ಷೆ ಮಾಡಿಸಿ, ಕಪ್ಪು ಜನ ವಾಸವಿದ್ದ ಜಾಗಗಳಿಗೆ ಕೆಂಪು ಬಣ್ಣ ಹಚ್ಚಿಸಿತ್ತು. ಕೆಂಪು ಅಂದರೆ ಇಲ್ಲಿ ಸಾಲ ಕೊಡೋದು ಅಪಾಯ ಅಂತ ಅರ್ಥ. ಸಾಲ ಸಿಗದ ಕಡೆ ಮನೆ ಕೊಳ್ಳೋಕೆ ಆಗಲ್ಲ, ಕೊಂಡಿದ್ದರೂ ದುರಸ್ತಿ ಮಾಡಿಸೋಕೆ ಆಗಲ್ಲ, ಮಕ್ಕಳಿಗೆ ಬಿಟ್ಟುಹೋಗೋಕೆ ಏನೂ ಉಳಿಯಲ್ಲ. ಅಂಥ ಊರಿನಲ್ಲಿ ಪಾಳುಬಿದ್ದ ಬ್ಯಾಂಕನ್ನೇ ತಗೊಂಡು, ಅದರೊಳಗೆ ಕಪ್ಪು ಜನರ ನೆನಪುಗಳನ್ನು ಠೇವಣಿ ಇಡೋದು ಅಂದರೆ ಅದರಲ್ಲಿ ಒಂದು ಲೆಕ್ಕ ಚುಕ್ತಾ ಮಾಡೋ ಹಟ ಇದೆ.

ಆಫೀಸಿನ ಕೆಲಸದ ಮೇಲೆ ಮೂರು ವಾರ ಶಿಕಾಗೋದಲ್ಲಿದ್ದಾಗ ನಾನು ಈ ಬ್ಯಾಂಕ್ ನೋಡೋಕೆ ಹೋಗಿದ್ದೆ. ಹೊರಡುವಾಗ ಜೊತೆಗಿದ್ದ ಮಂಗಳೂರಿನ ಗೆಳೆಯ, ‘ಸೌತ್ ಸೈಡಿಗಾ? ಎಂಥ ಮಾರಾಯ, ನಿಂಗೆ ಬೇರೆ ಜಾಗ ಸಿಗ್ಲಿಲ್ವಾ?’ ಅಂದ. ಅವನು ಅಲ್ಲಿಗೆ ಬಂದು ಎರಡೇ ವರ್ಷವಾಗಿತ್ತು. ತೊಂಬತ್ತು ವರ್ಷದ ಹಿಂದಿನ ಆ ಕೆಂಪು ನಕ್ಷೆ ಯಾರೂ ಕಲಿಸದೆ ಅವನಿಗೆ ಬಾಯಿಪಾಠವಾಗಿತ್ತು. ವಲಸೆ ಹೋದ ನಾವು ಊರಿನ ಹವಾಮಾನದ ಜೊತೆಗೆ ಊರಿನ ಭಯಗಳನ್ನೂ ಎಷ್ಟು ಬೇಗ ಮೈಗೂಡಿಸಿಕೊಳ್ತೀವಿ ನೋಡಿ.

ಒಳಗೆ ಹೋದರೆ ಮೊದಲು ಕಣ್ಣಿಗೆ ಬೀಳೋದು ದುರಸ್ತಿ ಮಾಡದೆ ಬಿಟ್ಟಿರೋ ಭಾಗಗಳು. ಕೆಲವು ಕಡೆ ಗಾರೆ ಕಿತ್ತುಬಂದದ್ದನ್ನು ಬೇಕಂತಲೇ ಹಾಗೇ ಉಳಿಸಿದ್ದಾರೆ. ಕೆಳಗಿನ ಖಜಾನೆಯಲ್ಲಿ ಲಾಕರುಗಳು ತುಕ್ಕು ಹಿಡಿದು ನಿಂತಿವೆ. ಮೇಲೆ ಎತ್ತರದ ಕಪಾಟುಗಳ ಗ್ರಂಥಾಲಯ. ಈ ಕಟ್ಟಡದ ಮುಖ್ಯ ಸಂಗ್ರಹಗಳು ನಾಲ್ಕು. ಒಂದೊಂದೂ ಒಂದೊಂದು ಥರದ ಪ್ರಶ್ನೆ.

ಮೊದಲನೆಯದು ಜಾನ್ಸನ್ ಪಬ್ಲಿಷಿಂಗ್ ಕಂಪನಿಯ ಗ್ರಂಥಾಲಯ. ಜಾನ್ ಎಚ್. ಜಾನ್ಸನ್ 1942ರಲ್ಲಿ ತಾಯಿಯ ಮನೆಯ ಪೀಠೋಪಕರಣಗಳನ್ನು ಅಡವಿಟ್ಟು 500 ಡಾಲರ್ ಸಾಲ ತಂದು ಪತ್ರಿಕೆ ಶುರು ಮಾಡಿದ. 1945ರಲ್ಲಿ ಎಬೊನಿ ಬಂತು, 1951ರಲ್ಲಿ ಜೆಟ್. ಎಬೊನಿ ದೊಡ್ಡ ಆಕಾರದ ಚಿತ್ರಪತ್ರಿಕೆ, ಜೆಟ್ ಅಂಗೈಯಲ್ಲಿ ಹಿಡಿಯೋ ವಾರಪತ್ರಿಕೆ. ಕಪ್ಪು ಜನರ ಕ್ಷೌರದಂಗಡಿ, ಬ್ಯೂಟಿ ಪಾರ್ಲರುಗಳಲ್ಲಿ ಈ ಪತ್ರಿಕೆಗಳು ಇರಲೇಬೇಕು. ಮದುವೆ, ಪದವಿ, ಹೊಸ ಕಾರು, ಹೊಸ ಟೋಪಿ, ಎಲ್ಲದರ ಫೋಟೋ. ಬಿಳಿಯರ ಪತ್ರಿಕೆಗಳಲ್ಲಿ ಕಪ್ಪು ಮುಖ ಕಾಣಿಸುತ್ತಿದ್ದದ್ದು ಅಪರಾಧದ ಸುದ್ದಿಯಲ್ಲೋ ಆಟದ ಪುಟದಲ್ಲೋ ಮಾತ್ರ ಅನ್ನುವಂಥ ಕಾಲದಲ್ಲಿ ಇವು ಚೆನ್ನಾಗಿ ಬಟ್ಟೆ ಹಾಕಿಕೊಂಡು ನಗುತ್ತಿರೋ ಜನರನ್ನು ತೋರಿಸಿದವು. ಮತ್ತೆ ಬೇಕಾದಾಗ ನೋಡಲಾಗದ್ದನ್ನೂ ತೋರಿಸಿದವು. 1955ರ ಆಗಸ್ಟಿನಲ್ಲಿ ಶಿಕಾಗೋದ 14 ವರ್ಷದ ಹುಡುಗ ಎಮೆಟ್ ಟಿಲ್ ಮಿಸಿಸಿಪ್ಪಿಯ ನೆಂಟರ ಮನೆಗೆ ಹೋಗಿದ್ದ. ಅಲ್ಲಿನ ಬಿಳಿಯರು ಅವನನ್ನು ಎಳೆದುಕೊಂಡು ಹೋಗಿ, ಹಿಂಸಿಸಿ, ಕೊಂದು, ನದಿಗೆ ಎಸೆದರು. ತಾಯಿ ಮೇಮಿ ಟಿಲ್ ಶವಪೆಟ್ಟಿಗೆಯ ಮುಚ್ಚಳ ತೆರೆದೇ ಇರಬೇಕು, ನನ್ನ ಮಗನಿಗೆ ಏನು ಮಾಡಿದ್ದಾರೆ ಅಂತ ಎಲ್ಲರೂ ನೋಡಬೇಕು ಅಂತ ಹಟ ಹಿಡಿದಳು. ಆ ಮುಖದ ಫೋಟೋವನ್ನು ಜೆಟ್ ಅಚ್ಚು ಮಾಡಿತು. ನಾಗರಿಕ ಹಕ್ಕುಗಳ ಹೋರಾಟಕ್ಕೆ ಇಳಿದ ಒಂದು ಇಡೀ ಪೀಳಿಗೆ ಆ ಫೋಟೋ ನೋಡಿದ ಪೀಳಿಗೆ.

ಕಂಪನಿ ಕ್ಷೀಣಿಸಿ ತನ್ನ ಕಟ್ಟಡವನ್ನು ಬಿಟ್ಟುಕೊಟ್ಟಾಗ ಅದರ ಪುಸ್ತಕಗಳು, ಪತ್ರಿಕೆಗಳು, ಕುರ್ಚಿ ಮೇಜುಗಳು ಗೇಟ್ಸ್‌ನ ಬ್ಯಾಂಕಿಗೆ ಬಂದವು. ತಾಯಿಯ ಪೀಠೋಪಕರಣ ಒತ್ತೆಯಿಟ್ಟು ಶುರುವಾದ ಕಂಪನಿಯ ಪೀಠೋಪಕರಣ ಕೊನೆಗೆ ಹೋಗಿ ಸೇರಿದ್ದು ಒಂದು ಬ್ಯಾಂಕಿಗೆ. ಇದನ್ನು ಯಾವ ಕಥೆಗಾರ ಬರೆದಿದ್ದರೂ ಅತಿಯಾಯಿತು ಅಂತಿದ್ದೆವು.

ಎರಡನೆಯದು ಶಿಕಾಗೋ ವಿಶ್ವವಿದ್ಯಾಲಯದ ಕಲಾ ಇತಿಹಾಸ ವಿಭಾಗದ ಸುಮಾರು 60,000 ಗಾಜಿನ ಸ್ಲೈಡುಗಳು. ಕಲೆ ಅಂದರೆ ಏನು ಅಂತ ತಲೆಮಾರುಗಟ್ಟಲೆ ವಿದ್ಯಾರ್ಥಿಗಳಿಗೆ ಗೋಡೆಯ ಮೇಲೆ ಬೆಳಕು ಬಿಟ್ಟು ತೋರಿಸಿದ ಗಾಜುಗಳು. ಅವನ್ನು ಎಬೊನಿಯ ಕಪಾಟಿನ ಪಕ್ಕ ಇಟ್ಟರೆ ಗೇಟ್ಸ್ ಬೇರೆ ಭಾಷಣ ಮಾಡೋ ಅಗತ್ಯವೇ ಇಲ್ಲ. ಯಾರ ಮುಖ ಯಾವ ಕಪಾಟಿನಲ್ಲಿ ಇದೆ, ಯಾವುದರಲ್ಲಿ ಇಲ್ಲ ಅನ್ನೋದು ತಾನಾಗೇ ಕಾಣುತ್ತೆ.

ಮೂರನೆಯದು ಫ್ರಾಂಕಿ ನಕಲ್ಸ್ ಅನ್ನೋ ಡಿಜೆಯ ಸುಮಾರು 5,000 ರೆಕಾರ್ಡುಗಳು. ವೀಕೆಂಡ್ ಪಬ್ಬಿನಲ್ಲಿ ನೀವು ಕೇಳೋ ಹೌಸ್ ಮ್ಯೂಸಿಕ್ ಇದೆಯಲ್ಲ, ಅದಕ್ಕೆ ಆ ಹೆಸರು ಬಂದದ್ದು ಶಿಕಾಗೋದ ವೇರ್‌ಹೌಸ್ ಅನ್ನೋ ಕ್ಲಬ್ಬಿನಿಂದ. 1977ರಲ್ಲಿ ಶುರುವಾದ ಆ ಕ್ಲಬ್ಬಿನಲ್ಲಿ ಈತ ಹಾಕುತ್ತಿದ್ದ ಸಂಗೀತಕ್ಕೆ ಕುಣಿಯೋಕೆ ಬರುತ್ತಿದ್ದವರು ಹೆಚ್ಚಾಗಿ ಕಪ್ಪು ಮತ್ತು ಲ್ಯಾಟಿನೋ ಸಲಿಂಗಿಗಳು. 1979ರ ಜುಲೈ 12ರಂದು ಇದೇ ಶಿಕಾಗೋದ ಬೇಸ್‌ಬಾಲ್ ಮೈದಾನದಲ್ಲಿ ಒಬ್ಬ ರೇಡಿಯೋ ನಿರೂಪಕನ ಮುಂದಾಳತ್ವದಲ್ಲಿ ಡಿಸ್ಕೋ ರೆಕಾರ್ಡುಗಳನ್ನು ರಾಶಿ ಹಾಕಿ ಸಿಡಿಮದ್ದಿಟ್ಟು ಸ್ಫೋಟಿಸಿದರು. ಜನ ಮೈದಾನಕ್ಕೆ ನುಗ್ಗಿದರು. ಅದು ಬರೀ ಸಂಗೀತದ ರುಚಿಯ ಜಗಳವಾಗಿರಲಿಲ್ಲ, ಡಿಸ್ಕೋ ಯಾರ ಸಂಗೀತ ಅಂತ ಎಲ್ಲರಿಗೂ ಗೊತ್ತಿತ್ತು ಅಂತ ಆಮೇಲೆ ಬಹಳ ಜನ ಬರೆದಿದ್ದಾರೆ. ರೆಕಾರ್ಡು ಸುಟ್ಟ ಊರಿನಲ್ಲೇ ರೆಕಾರ್ಡುಗಳಿಗೆ ಒಂದು ಬ್ಯಾಂಕು. 2014ರಲ್ಲಿ ನಕಲ್ಸ್ ತೀರಿಕೊಂಡ ಮೇಲೆ ಅವನ ರೆಕಾರ್ಡುಗಳು ಇಲ್ಲಿಗೆ ಬಂದವು. ಅವು ಬರೀ ಇಡೋಕೆ ಅಲ್ಲ, ಹಾಕಿ ಕೇಳೋಕೆ, ಕುಣಿಯೋಕೆ.

ನಾಲ್ಕನೆಯ ಸಂಗ್ರಹದ ಮುಂದೆ ನನಗೆ ಮಾತು ನಿಂತಿತು. ಎಡ್ವರ್ಡ್ ಜೆ. ವಿಲಿಯಮ್ಸ್ ಅನ್ನೋ ಶಿಕಾಗೋದ ಒಬ್ಬ ಕಪ್ಪು ಬ್ಯಾಂಕರ್ ಒಟ್ಟು ಮಾಡಿದ ಸುಮಾರು 4,000 ವಸ್ತುಗಳು ಅವು. ದಪ್ಪ ತುಟಿ, ಉಬ್ಬಿದ ಕಣ್ಣಿನ ಬೊಂಬೆಗಳು, ಅಡುಗೆಯವಳ ಆಕಾರದ ಬಿಸ್ಕತ್ತು ಜಾಡಿಗಳು, ಜಾಹೀರಾತುಗಳು. ಕಪ್ಪು ಜನರನ್ನು ಗೇಲಿ ಮಾಡೋಕೆ ಅಂತಲೇ ತಯಾರಾಗಿ, ಬಿಳಿಯರ ಅಡುಗೆಮನೆಗಳಲ್ಲಿ ಉಪ್ಪು ಕಾಳುಮೆಣಸು ತುಂಬಿಕೊಂಡು ಕೂತಿದ್ದ ಸಾಮಾನು. ವಿಲಿಯಮ್ಸ್ ಅವನ್ನು ಕೊಂಡದ್ದು ಮಾರುಕಟ್ಟೆಯಿಂದ ಅವು ಇಲ್ಲವಾಗಲಿ ಅಂತ. ಹಾಗಿದ್ದರೆ ಸುಟ್ಟುಹಾಕಬಹುದಿತ್ತಲ್ಲ ಅಂತ ಕೇಳೋದು ಸುಲಭ. ಸುಟ್ಟಿದ್ದರೆ ಇನ್ನು ಐವತ್ತು ವರ್ಷಕ್ಕೆ, ಇಂಥದ್ದೆಲ್ಲ ಇರಲೇ ಇಲ್ಲ, ನೀವು ಉತ್ಪ್ರೇಕ್ಷೆ ಮಾಡ್ತಿದ್ದೀರಿ ಅನ್ನೋರು ಹುಟ್ಟುತ್ತಾರೆ. ಅವಮಾನದ ಸಾಕ್ಷಿಯನ್ನು ಅವಮಾನಿತನೇ ದುಡ್ಡು ಕೊಟ್ಟು ಕಾಪಾಡಬೇಕಾದ ಸ್ಥಿತಿ ಇದು.

ಇಷ್ಟು ಸಂಗ್ರಹ. ಇನ್ನು ಇದರಿಂದ ಗೇಟ್ಸ್ ಮಾಡೋ ಕಲೆಯ ಮಾತು. ಇಲ್ಲಿಂದ ನನ್ನ ತಕರಾರುಗಳೂ ಶುರು.

1963ರಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮಿನಲ್ಲಿ ಮೆರವಣಿಗೆ ಹೊರಟ ಶಾಲಾಮಕ್ಕಳ ಮೇಲೆ ಅಗ್ನಿಶಾಮಕ ದಳದ ಪೈಪುಗಳಿಂದ ರಭಸದ ನೀರು ಬಿಟ್ಟಿದ್ದರು. ಗೇಟ್ಸ್ ಬಳಕೆಯಿಂದ ತೆಗೆದ ಅಂಥ ಹಳೆ ಪೈಪುಗಳನ್ನು ಚಪ್ಪಟೆ ಮಾಡಿ, ಪಟ್ಟೆಪಟ್ಟೆಯಾಗಿ ಜೋಡಿಸಿ, ಸಿವಿಲ್ ಟ್ಯಾಪೆಸ್ಟ್ರಿ ಅನ್ನೋ ಸರಣಿ ಮಾಡಿದ್ದಾನೆ. ಕಲ್ಪನೆ ಗಟ್ಟಿ. ಆದರೆ ಮಾಸಿದ ಕೆಂಪು, ಹಳದಿ, ಕಂದು ಪಟ್ಟೆಗಳು ಎಷ್ಟು ಚಂದವಾಗಿವೆ ಅಂದರೆ ಶ್ರೀಮಂತರ ಹಜಾರದ ಸೋಫಾ ಮೇಲಿನ ಗೋಡೆಗೆ ಹೇಳಿ ಮಾಡಿಸಿದ ಹಾಗಿವೆ. ಪಕ್ಕದ ಫಲಕ ಓದದಿದ್ದರೆ ಅಲ್ಲಿ ಬರ್ಮಿಂಗ್‌ಹ್ಯಾಮ್ ಇಲ್ಲ. ಎಬೊನಿ, ಜೆಟ್‌ಗಳ ಹಳೆ ಸಂಚಿಕೆಗಳನ್ನು ಒಟ್ಟಿಗೆ ಬೈಂಡ್ ಮಾಡಿಸಿ, ಬೆನ್ನಿನ ಮೇಲೆ ಪದಗಳನ್ನು ಅಚ್ಚು ಹಾಕಿಸಿ ಸಾಲಾಗಿ ಜೋಡಿಸಿದ ಕೃತಿಗಳಲ್ಲೂ ಇದೇ ತೊಂದರೆ. ನೋಡೋಕೆ ಭವ್ಯ. ಆದರೆ ಕ್ಷೌರದಂಗಡಿಯಲ್ಲಿ ಕೈಯಿಂದ ಕೈಗೆ ಹೋಗಿ ಮೂಲೆ ಮಡಚಿಕೊಂಡಿದ್ದ ಪತ್ರಿಕೆ ಈಗ ಬೆನ್ನು ಮಾತ್ರ ತೋರಿಸುತ್ತಿದೆ. ಓದುವವನಿಗೆ ಅದು ಮತ್ತೆ ಮುಚ್ಚಿದ ಹಾಗೇ ಅಲ್ಲವೇ?

ಇದಕ್ಕೆ ಪೂರ್ತಿ ಎದುರಾದದ್ದು ಜಾನ್ಸನ್ ಕಂಪನಿಯ ಫೋಟೋಗಳಿಂದ ಮಾಡಿದ ‘ಫ್ಯಾಕ್ಸಿಮಿಲಿ ಕ್ಯಾಬಿನೆಟ್ ಆಫ್ ವಿಮೆನ್ ಒರಿಜಿನ್ ಸ್ಟೋರೀಸ್’. ಒಂದು ದೊಡ್ಡ ಕಪಾಟಿನಲ್ಲಿ ಕಪ್ಪು ಹೆಣ್ಣುಮಕ್ಕಳ ಸುಮಾರು 3,000 ಫೋಟೋಗಳು, ಚೌಕಟ್ಟು ಹಾಕಿ, ಪುಸ್ತಕದ ಹಾಗೆ ನಿಲ್ಲಿಸಿವೆ. ನೋಡೋಕೆ ಬಂದವರು ಬಿಳಿ ಕೈಗವಸು ಹಾಕ್ಕೊಂಡು ಯಾವುದನ್ನು ಬೇಕಾದರೂ ಹೊರಗೆಳೆಯಬಹುದು. ಇಲ್ಲಿ ಕಲಾವಿದ ಹಿಂದೆ ಸರಿದು ನಿಂತಿದ್ದಾನೆ. ಯಾರನ್ನು ನೋಡಬೇಕು, ಎಷ್ಟು ಹೊತ್ತು ನೋಡಬೇಕು ಅನ್ನೋದು ನಿಮ್ಮ ಕೈಯಲ್ಲಿದೆ. ಪ್ರಸಿದ್ಧರ ಪಕ್ಕದಲ್ಲೇ ಹೆಸರು ಗೊತ್ತಿಲ್ಲದವರು. ನನ್ನ ಲೆಕ್ಕದಲ್ಲಿ ಗೇಟ್ಸ್‌ನ ಅತ್ಯುತ್ತಮ ಕೃತಿ ಇದು. ಆರ್ಕೈವನ್ನು ಮರುಕಲ್ಪಿಸೋದು ಅಂದರೆ ಅದಕ್ಕೆ ಹೊಸ ಬಣ್ಣ ಬಳಿಯೋದಕ್ಕಿಂತ, ಅದನ್ನು ತೆರೆಯೋ ಹೊಸ ರೀತಿ ಕಂಡುಕೊಳ್ಳೋದು ಅಂತ ಇದು ತೋರಿಸಿಕೊಡುತ್ತದೆ.

ಆದರೆ ಇದೇ ಫೋಟೋಗಳ ಜೊತೆ ಇನ್ನೊಂದು ಕಥೆಯೂ ಅಂಟಿಕೊಂಡಿದೆ. 2018ರ ಸೆಪ್ಟೆಂಬರಿನಿಂದ 2019ರ ಜನವರಿವರೆಗೆ ಮಿಲಾನಿನಲ್ಲಿ ಪ್ರಾಡಾ ಪ್ರತಿಷ್ಠಾನದ ಗ್ಯಾಲರಿಯಲ್ಲಿ ‘ದಿ ಬ್ಲ್ಯಾಕ್ ಇಮೇಜ್ ಕಾರ್ಪೊರೇಷನ್’ ಅನ್ನೋ ಗೇಟ್ಸ್‌ನ ಪ್ರದರ್ಶನ ನಡೆಯಿತು. ಮೊನೆಟಾ ಸ್ಲೀಟ್ ಜೂನಿಯರ್, ಐಸಾಕ್ ಸಟನ್ ತೆಗೆದ ಚಿತ್ರಗಳು, ಕಪ್ಪು ಹೆಣ್ಣಿನ ಚೆಲುವಿನ ಸಂಭ್ರಮ. ಆ ಪ್ರದರ್ಶನ ಇನ್ನೂ ನಡೆಯುತ್ತಿರುವಾಗಲೇ, 2018ರ ಡಿಸೆಂಬರಿನಲ್ಲಿ, ನ್ಯೂಯಾರ್ಕಿನ ಪ್ರಾಡಾ ಅಂಗಡಿಯ ಕಿಟಕಿಯಲ್ಲಿ ಕಪ್ಪು ಮುಖ, ದಪ್ಪ ಕೆಂಪು ತುಟಿಯ ಕೋತಿಯಂಥ ಬೊಂಬೆಗಳು ಕಾಣಿಸಿಕೊಂಡವು. ಜನ ರೊಚ್ಚಿಗೆದ್ದರು. ಇವು ಕಾಲ್ಪನಿಕ ಜೀವಿಗಳು, ಅಂಥ ಉದ್ದೇಶವಿರಲಿಲ್ಲ ಅಂತ ಹೇಳಿ ಕಂಪನಿ ಅವನ್ನು ವಾಪಸ್ ತಗೊಂಡಿತು. 2019ರ ಫೆಬ್ರವರಿಯಲ್ಲಿ ವೈವಿಧ್ಯ ಕುರಿತ ಸಲಹಾ ಮಂಡಳಿ ಘೋಷಿಸಿತು. ಅದರ ಇಬ್ಬರು ಅಧ್ಯಕ್ಷರಲ್ಲಿ ಒಬ್ಬರು ಚಿತ್ರನಿರ್ದೇಶಕಿ ಏವಾ ಡುವರ್ನೇ, ಇನ್ನೊಬ್ಬ ಗೇಟ್ಸ್.

ಒಂದು ಕ್ಷಣ ಯೋಚಿಸಿ. ವಿಲಿಯಮ್ಸ್‌ನ ಕಪಾಟಿನಲ್ಲಿರೋ ಬೊಂಬೆಗಳು ಹಳೆಯ ಕಾಲದವು ಅಂತ ಅಂದುಕೊಂಡಿದ್ದೆವು. ಅವುಗಳ ತಮ್ಮ ತಂಗಿಯರು 2018ರಲ್ಲಿ, ಅದೂ ಕಪ್ಪು ಚೆಲುವಿನ ಪ್ರದರ್ಶನಕ್ಕೆ ಜಾಗ ಕೊಟ್ಟ ಹೆಸರಿನ ಅಂಗಡಿಯಲ್ಲೇ ಮಾರಾಟಕ್ಕಿದ್ದರು. ಗ್ಯಾಲರಿಗೆ ಇತಿಹಾಸ ಗೊತ್ತಿತ್ತು, ಅಂಗಡಿಗೆ ಗೊತ್ತಿರಲಿಲ್ಲ. ಒಂದೇ ಹೆಸರಿನ ಕೆಳಗಿನ ಎರಡು ಕೋಣೆಗಳ ನಡುವೆ ಆರ್ಕೈವ್ ದಾಟಲೇ ಇಲ್ಲ. ನಮ್ಮ ಆಫೀಸುಗಳಲ್ಲೂ ಡೈವರ್ಸಿಟಿ ಟ್ರೇನಿಂಗಿನ ಸ್ಲೈಡುಗಳನ್ನು ಕ್ಲಿಕ್ ಮಾಡ್ತಾ ಮುಗಿಸೋ ನಮಗೆ ಇದು ತೀರಾ ಅಪರಿಚಿತ ದೃಶ್ಯವೇನಲ್ಲ. ಗೇಟ್ಸ್ ಆ ಮಂಡಳಿ ಸೇರಿದ್ದು ತಪ್ಪು ಅಂತ ನಾನು ಹೇಳಲ್ಲ. ಶೌಚಾಲಯದ ಕಲ್ಲನ್ನು ಶ್ರೀಮಂತರಿಗೆ ಮಾರಿ ಬ್ಯಾಂಕ್ ಕಟ್ಟಿದವನು ದುಡ್ಡಿರೋರ ಪಕ್ಕ ಕೂರೋಕೆ ಹಿಂಜರಿಯೋನಲ್ಲ. ನನ್ನ ಪ್ರಶ್ನೆ ಬೇರೆ. ಕಪ್ಪು ಚರಿತ್ರೆ ಚಂದವಾಗಿ ಕಂಡಾಗ ಮಾತ್ರ ಅದಕ್ಕೆ ಮಿಲಾನಿನಲ್ಲಿ ಜಾಗ ಸಿಗುತ್ತೆ ಅಂತಾದರೆ, ಆ ಜಾಗಕ್ಕೆ ವಿಲಿಯಮ್ಸ್‌ನ ಕಪಾಟು ಯಾವತ್ತಾದರೂ ಹೋಗಬಲ್ಲದೇ? ಹೋಗಬೇಕಾಗಿದ್ದದ್ದು ಅದೇ ಆಗಿತ್ತು ಅನಿಸುತ್ತೆ.

ಇನ್ನೊಂದು ತಕರಾರು ಕಟ್ಟುಕಥೆಯ ಬಗ್ಗೆ. 2007ರಲ್ಲಿ ಗೇಟ್ಸ್ ಶೋಜಿ ಯಮಾಗುಚಿ ಅನ್ನೋ ಜಪಾನಿ ಕುಂಬಾರನೊಬ್ಬ ಅಮೆರಿಕದ ದಕ್ಷಿಣಕ್ಕೆ ಬಂದು ಕಪ್ಪು ಹೆಣ್ಣನ್ನು ಮದುವೆಯಾದ ಅಂತ ಒಂದು ಇಡೀ ಚರಿತ್ರೆ ಕಟ್ಟಿ, ಅವನ ಹೆಸರಲ್ಲಿ ತಟ್ಟೆಗಳನ್ನು ಮಾಡಿ ಪ್ರದರ್ಶಿಸಿದ. ಯಮಾಗುಚಿ ಅನ್ನೋ ಆ ಕುಂಬಾರ ಇರಲೇ ಇಲ್ಲ. ಗುಲಾಮರ ಬದುಕಿನ ದಾಖಲೆಗಳೇ ಇಲ್ಲದ ಕಡೆ ಕಲ್ಪನೆಯಿಂದ ತುಂಬಬೇಕು ಅನ್ನೋ ವಾದ ನನಗೆ ಒಪ್ಪಿಗೆಯೇ. ಸೈದಿಯಾ ಹಾರ್ಟ್‌ಮನ್ ಥರದವರು ಅದನ್ನು ಬಹಳ ಎಚ್ಚರದಿಂದ ಮಾಡಿದ್ದಾರೆ. ಆದರೆ ಗೇಟ್ಸ್‌ನ ಇನ್ನೊಂದು ಕೆಲಸದ ಮುಂದೆ ಯಮಾಗುಚಿ ಸಣ್ಣವನಾಗಿ ಕಾಣುತ್ತಾನೆ. ಸೌತ್ ಕರೋಲಿನಾದಲ್ಲಿ ಡೇವಿಡ್ ಡ್ರೇಕ್ ಅನ್ನೋ ಗುಲಾಮ ಕುಂಬಾರನಿದ್ದ. 1834ರಲ್ಲಿ ಗುಲಾಮರಿಗೆ ಅಕ್ಷರ ಕಲಿಸೋದನ್ನು ನಿಷೇಧಿಸಿದ ರಾಜ್ಯ ಅದು. ಅಲ್ಲಿ ಅವನು ತಾನು ಮಾಡಿದ ದೊಡ್ಡ ದೊಡ್ಡ ಜಾಡಿಗಳ ಹಸಿ ಮಣ್ಣಿನ ಮೇಲೆ ತನ್ನ ಹೆಸರು ಬರೆದ, ದ್ವಿಪದಿಗಳನ್ನು ಬರೆದ. 2010ರಲ್ಲಿ ಮಿಲ್ವಾಕಿಯ ಕಲಾ ಸಂಗ್ರಹಾಲಯದಲ್ಲಿ ಗೇಟ್ಸ್ ಡೇವ್‌ನನ್ನೇ ಕೇಂದ್ರವಾಗಿಟ್ಟು ಪ್ರದರ್ಶನ ಮಾಡಿದ, ಚರ್ಚಿನ ಗಾಯಕರ ದೊಡ್ಡ ಮೇಳದಿಂದ ಹಾಡಿಸಿದ. ಅಲ್ಲಿ ಕಲ್ಪನೆ ಒಂದು ನಿಜವಾದ ಜಾಡಿಯ ಮೇಲೆ ನಿಂತಿತ್ತು. ಒಂದು ಸಾಲು ಬರೆದರೆ ಹಳೆಯ ಫೋಟೋದಂಥ ಫೋಟೋ ಹುಟ್ಟಿಸಿಕೊಡೋ ತಂತ್ರಾಂಶ ನಮ್ಮ ನಿಮ್ಮ ಫೋನಿನಲ್ಲೇ ಇರೋ ಈ ಕಾಲಕ್ಕೆ, ಆ ಹಸಿ ಮಣ್ಣಿನ ಬೆರಳಚ್ಚು ನನಗೆ ಯಮಾಗುಚಿಗಿಂತ ಹೆಚ್ಚು ಬೇಕು.

ಯಾರ ಕೈಯಲ್ಲಿ ಇರಬೇಕು ಅನ್ನೋದು ಕೊನೆಯ ಪ್ರಶ್ನೆ. 2019ರಲ್ಲಿ ಜಾನ್ಸನ್ ಕಂಪನಿ ದಿವಾಳಿಯಾದಾಗ ಅದರ ನಲವತ್ತು ಲಕ್ಷಕ್ಕೂ ಹೆಚ್ಚು ಫೋಟೋ ಮತ್ತು ನೆಗೆಟಿವ್‌ಗಳು ಹರಾಜಿಗೆ ಬಂದವು. ಫೋರ್ಡ್, ಮೆಕ್‌ಆರ್ಥರ್, ಮೆಲನ್ ಪ್ರತಿಷ್ಠಾನಗಳು ಮತ್ತು ಗೆಟಿ ಟ್ರಸ್ಟ್ ಸೇರಿ 3 ಕೋಟಿ ಡಾಲರಿಗೆ ಕೊಂಡು, ಸ್ಮಿತ್ಸೋನಿಯನ್ನಿನ ಆಫ್ರಿಕನ್ ಅಮೆರಿಕನ್ ಸಂಗ್ರಹಾಲಯಕ್ಕೂ ಗೆಟಿ ಸಂಶೋಧನಾ ಸಂಸ್ಥೆಗೂ ಒಪ್ಪಿಸಿದವು. ಖಾಸಗಿ ಸಂಗ್ರಹಕಾರನ ಪಾಲಾಗಲಿಲ್ಲ, ಸಾರ್ವಜನಿಕರಿಗೆ ಸಿಗುತ್ತೆ, ಒಳ್ಳೆಯದೇ ಆಯಿತು. ಆದರೆ ಶಿಕಾಗೋದ ಬೀದಿಗಳಲ್ಲಿ ನಗುತ್ತಾ ಫೋಟೋ ತೆಗೆಸಿಕೊಂಡವರ ಮೊಮ್ಮಕ್ಕಳಿಗೆ ನಡೆದು ಹೋಗೋ ದೂರದಲ್ಲಿ ಇರೋದು ಗೇಟ್ಸ್‌ನ ಬ್ಯಾಂಕು. ಪ್ರವೇಶಕ್ಕೆ ದುಡ್ಡಿಲ್ಲ. ಆದರೆ ಆ ಮೊಮ್ಮಕ್ಕಳು ಇನ್ನೆಷ್ಟು ದಿನ ಆ ದೂರದಲ್ಲಿ ಇರುತ್ತಾರೆ? ಇದೇ ರಸ್ತೆಯ ಉತ್ತರಕ್ಕೆ ಜಾಕ್ಸನ್ ಪಾರ್ಕಿನಲ್ಲಿ ಒಬಾಮಾ ಹೆಸರಿನ ಕೇಂದ್ರ ಕಟ್ಟೋ ಯೋಜನೆ ಬಂದಾಗಿನಿಂದ ಬಾಡಿಗೆ ಏರುತ್ತೆ ಅಂತ ಹೆದರಿ ಜನ ಹೋರಾಡಿದರು. 2020ರಲ್ಲಿ ವುಡ್‌ಲಾನ್ ಬಡಾವಣೆಯ ಮನೆಗಳಿಗೆ ರಕ್ಷಣೆ ಕೊಡೋ ಒಂದು ನಿಯಮವನ್ನು ನಗರಸಭೆಯಿಂದ ಪಡೆದರು. ಕಲೆ ಬಂದ ಕಡೆ ಕಾಫಿ ಶಾಪ್ ಬರುತ್ತೆ, ಕಾಫಿ ಶಾಪ್ ಹಿಂದೆ ಬಾಡಿಗೆ ಬರುತ್ತೆ ಅನ್ನೋದು ಬೆಂಗಳೂರಿನಲ್ಲಿ ಮನೆ ಹುಡುಕಿದ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ನಗರ ಯೋಜನೆ ಓದಿದ ಗೇಟ್ಸ್‌ಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಕಪಾಟು ಉಳಿದು ಓದುಗರು ಊರು ಬಿಟ್ಟರೆ ಅದು ಇನ್ನೊಂದು ವಸ್ತುಸಂಗ್ರಹಾಲಯ, ಅಷ್ಟೇ.

ಆ ಬ್ಯಾಂಕಿನ ಪಕ್ಕದ ಹುಲ್ಲಿನ ಮೇಲೆ 2019ರಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದ್ದು ಒಂದು ಸಾಧಾರಣ ಪಾರ್ಕ್ ಮಂಟಪ. ಮೊದಲು ಅದು ಇದ್ದದ್ದು ಕ್ಲೀವ್‌ಲ್ಯಾಂಡಿನಲ್ಲಿ. 2014ರ ನವೆಂಬರಿನಲ್ಲಿ ಆಟಿಕೆಯ ಪಿಸ್ತೂಲು ಹಿಡಿದು ಆಡುತ್ತಿದ್ದ 12 ವರ್ಷದ ಟಮೀರ್ ರೈಸ್‌ನನ್ನು ಪೊಲೀಸರು ಅದರ ಹತ್ತಿರವೇ ಗುಂಡಿಕ್ಕಿ ಕೊಂದರು. ಮಂಟಪವನ್ನು ಕೆಡವೋ ಮಾತು ಬಂತು. ತಾಯಿ ಸಮಾರಿಯಾ ರೈಸ್ ಅದು ಉಳಿಯಬೇಕು ಅಂದಳು. 2016ರಲ್ಲಿ ಅದನ್ನು ಬಿಚ್ಚಿ ಶಿಕಾಗೋಗೆ ತಂದರು. ಮೇಮಿ ಟಿಲ್ ಶವಪೆಟ್ಟಿಗೆಯ ಮುಚ್ಚಳದ ಬಗ್ಗೆ ಹಟ ಹಿಡಿದ ಅದೇ ಊರಿಗೆ, ಅರವತ್ತೊಂದು ವರ್ಷದ ಮೇಲೆ, ಇನ್ನೊಬ್ಬ ತಾಯಿಯ ಹಟ ಬಂದು ಇಳಿಯಿತು. ಗೇಟ್ಸ್ ಆ ಮಂಟಪಕ್ಕೆ ಬಾಂಡ್ ಅಂತ ಹೆಸರಿಡಲಿಲ್ಲ, ಯಾವ ಕಲಾಮೇಳಕ್ಕೂ ಒಯ್ದು ಮಾರಲಿಲ್ಲ. ಮಳೆ ಬಂದರೆ ಕೆಳಗೆ ನಿಲ್ಲಬಹುದಾದ ಒಂದು ಸೂರು, ಒಂದಿಷ್ಟು ಮರ, ಕಬ್ಬಿಣ. ಅಷ್ಟನ್ನು ಇಳಿಸೋಕೆ ಜಾಗ ಕೊಟ್ಟ.